ಗಾಣದ ಮನೆಯನ್ನು ದಾಟಿಹೋಗುವ ಶನಿಮಹಾತ್ಮೆ

ಶ್ರಾವಣ ಶನಿವಾರಗಳಲ್ಲಿ ಶನಿಮಹಾತ್ಮೆ ಓದಿಸುವ ವಾಡಿಕೆ ಪಾವಗಡ, ಮಡಕಶಿರಾ, ರಾಯದುರ್ಗ, ಬೆಳುಗುಪ್ಪದ ಸೀಮೆಗೆ ಹೊಸದಲ್ಲ. 1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿತು. ಪಾವಗಡದ ಶನೈಶ್ಚರನ ಗುಡಿಗೆ ಆ ಕಡೆಯ ಜನ ಬರುವುದು ಮಾತ್ರ ನಿಲ್ಲಲಿಲ್ಲ. ಎಳ್ಳೆಣ್ಣೆ ದೀಪದ ಮುಂದೆ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕಥೆ ಮುಗಿಯದೆ ಏಳಬಾರದೆಂಬ ಕಟ್ಟೂ ಉಂಟು.

ಈ ಓದಿನ ಬಗ್ಗೆ ಎರಡು ತೀರ್ಪುಗಳು ಚಲಾವಣೆಯಲ್ಲಿವೆ. ಗರ್ವ ಪಟ್ಟವನಿಗೆ ಶನಿಯ ಏಳೂವರೆ ವರ್ಷದ ಕಾಟ ತಪ್ಪದು ಎಂಬ ನೀತಿಪಾಠವೆಂದು ಭಕ್ತರು ಹೊಗಳುತ್ತಾರೆ. ಬರೀ ಹೆದರಿಕೆಯ ವ್ಯಾಪಾರವೆಂದು ವಿಚಾರವಾದಿಗಳು ತಳ್ಳುತ್ತಾರೆ. ಇಬ್ಬರೂ ನೋಡಿರುವುದು ಕಥೆಯ ಮೊದಲ ಭಾಗವನ್ನು, ಅಂದರೆ ನವಗ್ರಹಗಳಲ್ಲಿ ಯಾರು ದೊಡ್ಡವರೆಂಬ ಚರ್ಚೆ ಮತ್ತು ಉಜ್ಜಯಿನಿಯ ರಾಜ ವಿಕ್ರಮ ಶನಿಯ ಬಗ್ಗೆ ಆಡಿದ ತಾತ್ಸಾರದ ಮಾತನ್ನು. ಕಥೆಯ ತೂಕವಿರುವುದು ಅಲ್ಲಲ್ಲ, ತಾಮಲಿಂದ ನಗರದಲ್ಲಿ.

ಶನಿಯ ಕಾಟಕ್ಕೆ ಸಿಕ್ಕಿ ಅಲ್ಲಿಗೆ ಬಂದ ವಿಕ್ರಮ ವ್ಯಾಪಾರಿಯ ಮನೆಯ ಅತಿಥಿ. ಗೋಡೆಯ ಚಿತ್ರದ ಹಂಸ ಮುತ್ತಿನ ಹಾರವನ್ನು ನುಂಗುವುದನ್ನು ಕಣ್ಣಾರೆ ಕಾಣುತ್ತಾನೆ. ಹೇಳಿದರೆ ನಂಬುವವರಾರು? ಸುಮ್ಮನಿರುತ್ತಾನೆ. ಬೆಳಗಾದರೆ ಕಳ್ಳತನದ ಆರೋಪ. ಚಂದ್ರಸೇನ ರಾಜನ ಅಪ್ಪಣೆಯಂತೆ ಕೈಕಾಲು ಕಡಿದು ಊರಾಚೆ ಎಸೆಯುತ್ತಾರೆ. ಹಾರ ಸಿಕ್ಕಿಲ್ಲ, ಸಾಕ್ಷಿಯಿಲ್ಲ. ಕಂಡದ್ದನ್ನು ಹೇಳಲಾಗದ ಪರದೇಶಿ, ಕೇಳುವ ವ್ಯವಧಾನವಿಲ್ಲದ ದೊರೆ: ನ್ಯಾಯದ ಬಗ್ಗೆ ಇಷ್ಟು ನಿಷ್ಠುರವಾದ ಪ್ರಸಂಗ ಜನಪ್ರಿಯ ವ್ರತಕಥೆಗಳಲ್ಲಿ ಅಪರೂಪ. ಅರ್ಥ ಹೇಳುವವರು ಮಾತ್ರ ಇಲ್ಲಿ ಸಾಮಾನ್ಯವಾಗಿ ಗ್ರಹಚಾರ ಎನ್ನುತ್ತಾರೆ, ಮುಂದಕ್ಕೆ ಹೋಗುತ್ತಾರೆ. ದೋಷವೆಲ್ಲ ಗ್ರಹದ ತಲೆಗೆ ಬಿದ್ದು ರಾಜ ಬಿಡುಗಡೆ ಪಡೆಯುತ್ತಾನೆ.

ಅನಂತರ ಬರುವುದು ಗಾಣದ ಮನೆ. ಉಜ್ಜಯಿನಿ ತವರಾದ ಗಾಣಿಗರ ಸೊಸೆ ದಾರಿಯಲ್ಲಿ ಬಿದ್ದವನ ಗುರುತು ಹಿಡಿದು, ಮಾವನನ್ನು ಒಪ್ಪಿಸಿ ಮನೆಗೆ ಕರೆತರುತ್ತಾಳೆ. ಅರಮನೆ ಕಡಿದು ಬಿಸುಟವನಿಗೆ ಅನ್ನ ಹಾಕುವುದು ಸಣ್ಣ ಎದೆಗಾರಿಕೆಯಲ್ಲ. ಅವನಿಗೆ ಭಿಕ್ಷೆಯ ಬದಲು ಕೆಲಸ ಸಿಗುತ್ತದೆ, ಗಾಣದ ಮೇಲೆ ಕೂತು ಎತ್ತು ಹೊಡೆಯುವ ಕೆಲಸ. ಓದಿನ ಮುಂದೆ ಉರಿಯುವ ದೀಪದ ಎಣ್ಣೆ ಇಂಥ ಗಾಣದಿಂದಲೇ ಬರುತ್ತಿದ್ದ ಕಾಲವಿತ್ತು. ಆದರೂ ವ್ಯಾಖ್ಯಾನದಲ್ಲಿ ಆ ಸೊಸೆಗೆ ಸಿಗುವುದು ಒಂದೆರಡು ಮಾತು. ವಿಕ್ರಮ ಹಾಡಿದ ದೀಪಕ ರಾಗಕ್ಕೆ ಊರ ದೀಪಗಳೆಲ್ಲ ಹೊತ್ತಿಕೊಂಡ ಪವಾಡಕ್ಕೆ ಅರ್ಧ ಗಂಟೆ.

ಯೆಹೂದಿಗಳ ವಾರದ ಓದನ್ನು ಪಕ್ಕದಲ್ಲಿಟ್ಟರೆ ಕೊರತೆ ಎಲ್ಲಿದೆಯೆಂದು ತಿಳಿಯುತ್ತದೆ. ಅವರದೂ ಶನಿವಾರವೇ. ಅವರ ಧರ್ಮಗ್ರಂಥ ತೋರಾದ 54 ಭಾಗಗಳು ವರ್ಷದ ಸುತ್ತಿನಲ್ಲಿ ಸರದಿಯಂತೆ ಬರುತ್ತವೆ. ಹಿತವಾದದ್ದನ್ನು ಮಾತ್ರ ಆರಿಸಿಕೊಳ್ಳುವ ಸೌಕರ್ಯವಿಲ್ಲ. ‘ಮಿಶ್ಪಾಟಿಮ್’ ಎಂಬ ಭಾಗದಲ್ಲಿ ಕಣ್ಣಿಗೆ ಕಣ್ಣು ಎಂಬ ವಿಧಿಯಿದೆ. ಧರ್ಮವ್ಯಾಖ್ಯಾನಗಳ ಸಂಗ್ರಹವಾದ ತಾಲ್ಮುದ್‌ನ ಪಂಡಿತರು ಅದನ್ನು ಹಣದ ಪರಿಹಾರವೆಂದು ಅರ್ಥೈಸಿದರು. ಗ್ರಂಥವನ್ನು ಪವಿತ್ರವೆಂದು ಎತ್ತಿಹಿಡಿದವರೇ ಅದರ ನೇರ ಮಾತಿನೊಡನೆ ಜಗಳಕ್ಕೆ ನಿಂತರು. ಅಂಗಚ್ಛೇದದ ಮುಂದೆ ನಮ್ಮ ಅರ್ಥಗಾರಿಕೆ ತೋರಿಸದ ಧೈರ್ಯ ಇದು. ಅಲ್ಲಿಯೂ ಸಪ್ಪೆ ಉಪದೇಶಗಳಿಗೆ ಬರವಿಲ್ಲ ಎನ್ನುವುದು ಬೇರೆ ಮಾತು.

ಕಾವ್ಯವನ್ನು ಹಾಡಿ ಅರ್ಥ ಹೇಳುವ ಗಮಕದ ಪಂಡಿತರ ಪಾಲೂ ಈ ಉಪೇಕ್ಷೆಯಲ್ಲಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಸರಿಯಾದ ಮನ್ನಣೆಯೇ. ಆದರೆ ಕುಮಾರವ್ಯಾಸನ ಒಂದೊಂದು ಷಟ್ಪದಿಯನ್ನೂ ಹಿಂಜುವ ವಿದ್ವತ್ತು ಶನಿವಾರದ ಓದನ್ನು ಹರಕೆಯ ಸರಕೆಂದು ಬದಿಗಿಟ್ಟಿದೆ. ಶನಿಮಹಾತ್ಮೆಯಲ್ಲಿ ಕಾವ್ಯಗುಣ ತೆಳು ಎಂಬ ಆಕ್ಷೇಪ ನಿಜ. ವ್ಯಾಖ್ಯಾನಕ್ಕೆ ಅದು ಅಡ್ಡಿಯಲ್ಲ. ಕರಾವಳಿಯ ಶನಿಪೂಜೆಯಲ್ಲಿ ತಾಳಮದ್ದಳೆಯ ಅರ್ಥಧಾರಿಗಳು ಇದೇ ಕಥೆಗೆ ವಾದದ ಬಿಸಿ ತಂದಿದ್ದಾರೆ. ಬಯಲುಸೀಮೆಯಲ್ಲಿ ಆ ಬಿಸಿ ಕಾಣುವುದು ಕಡಿಮೆ.

ಕೊನೆಯ ಭಾಗ ಸಲೀಸು. ಹಂಸ ಹಾರವನ್ನು ಉಗುಳುತ್ತದೆ, ಕೈಕಾಲು ಬರುತ್ತವೆ, ತಪ್ಪು ತೀರ್ಪಿತ್ತ ರಾಜ ಮಗಳನ್ನು ಕೊಟ್ಟು ಮಾವನಾಗುತ್ತಾನೆ. ಅನ್ಯಾಯ ಬೀಗತನದಲ್ಲಿ ಕರಗುವುದು ಕಥೆಯದೇ ದೌರ್ಬಲ್ಯ. ಆದರೆ ಶನಿ ವರ ಕೇಳೆಂದಾಗ ವಿಕ್ರಮ ರಾಜ್ಯ ಬೇಡುವುದಿಲ್ಲ. ತನಗೆ ಕೊಟ್ಟ ಕಾಟವನ್ನು ಇನ್ನಾರಿಗೂ ಕೊಡಬೇಡ ಎನ್ನುತ್ತಾನೆ. ಹೆದರಿಸಲು ಈ ಕಥೆ ಬಳಸುವವರಿಗೆ ಕಥಾನಾಯಕನೇ ಇಲ್ಲಿ ಎದುರು ನಿಂತಿದ್ದಾನೆ. ಆ ಹೊತ್ತಿಗೆ ಅರ್ಥ ಹೇಳುವವರು ಮಂಗಳಾರತಿಗೆ ಅವಸರಪಡುತ್ತಿರುತ್ತಾರೆ.