ಘಾಚರ್ ಘೋಚರ್: ಮೌನಕ್ಕೆ ಸಂದ ಅತಿಹೊಗಳಿಕೆ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಪ್ರಕಟವಾದದ್ದು 2013ರಲ್ಲಿ. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ 2015ರಲ್ಲಿ ಬಂದು, ಅದು ಅಮೆರಿಕದ ಓದುಗರನ್ನೂ ಮುಟ್ಟಿದ ಮೇಲೆ ಹೊಗಳಿಕೆಯೆಲ್ಲ ಒಂದೇ ಮಾತಿನ ಸುತ್ತ ಹೆಪ್ಪುಗಟ್ಟಿತು: ಈ ಕೃತಿಯ ಶಕ್ತಿ ಅದು ಹೇಳದೆ ಬಿಟ್ಟದ್ದರಲ್ಲಿದೆ. ಹೋಲಿಕೆಗೆ ರಷ್ಯನ್ ಕಥೆಗಾರ ಚೆಕಾಫ್ ಹೆಸರೂ ಬಂತು. ಕಥೆ ಬರೆಯಲು ಕೂತ ಹೊಸಬರಿಗೆ ‘ಕಡಿಮೆ ಹೇಳಿ’ ಎಂದು ಬುದ್ಧಿ ಹೇಳುವವರಿಗೆ ಕೈಗೆ ಸುಲಭವಾಗಿ ಸಿಗುವ ಉದಾಹರಣೆಯೂ ಆಯಿತು. ಈ ಹೊಗಳಿಕೆ ತಪ್ಪು ಜಾಗಕ್ಕೆ ಬಿದ್ದಿದೆ ಎಂಬುದು ನನ್ನ ತಕರಾರು. ‘ಘಾಚರ್ ಘೋಚರ್’ ಮೌನದ ಕೃತಿಯಲ್ಲ. ಅದರ ಹೆಸರಿಲ್ಲದ ನಿರೂಪಕ ಕಾಫಿ ಹೌಸಿನಲ್ಲಿ ಕೂತು ಬಿಡುವಿಲ್ಲದೆ ಮಾತಾಡುತ್ತಾನೆ. ವಠಾರದಂಥ ಹಳೆಯ ಮನೆ, ಅಪ್ಪನ ಚಹಾಪುಡಿ ಮಾರಾಟದ ಲೆಕ್ಕ, ಇರುವೆಗಳ ಕಾಟ, ಮನೆಗೆ ದುಡ್ಡು ತಂದ ಚಿಕ್ಕಪ್ಪನ ಮಸಾಲೆ ವ್ಯಾಪಾರ ಸೋನಾ ಮಸಾಲಾ, ಅವನ ದುಡಿಮೆ, ಹೆಂಡತಿ ಅನಿತಾ ಎಲ್ಲವನ್ನೂ ಹೇಳುತ್ತಾನೆ, ಚೆನ್ನಾಗಿಯೇ ಹೇಳುತ್ತಾನೆ. ಕಾದಂಬರಿಕಾರನ ಕಸುಬು ಇರುವುದು ಈ ಚೆನ್ನಾದ ಮಾತುಗಾರಿಕೆಯಲ್ಲಿ.

ಇದಕ್ಕೆ ಸಾಕ್ಷಿಯಾಗಿ ಒಂದೇ ಪ್ರಸಂಗ ಸಾಕು. ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಮನೆ ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವೆಂದು ಮಸೂರ ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಅವನು ತನ್ನನ್ನು ಕರೆಯುವ ಮುದ್ದಿನ ಹೆಸರನ್ನೇ ತನ್ನ ಗುರುತಾಗಿ ಹೇಳಿಕೊಳ್ಳುತ್ತಾಳೆ. ಚಿಕ್ಕಪ್ಪ ಒಳಗಿನಿಂದ ಈಚೆ ಬರುವುದಿಲ್ಲ. ನಿರೂಪಕನ ಅಮ್ಮ ಮತ್ತು ಸೋದರಿ ಮಾಲತಿ ಅವಳ ಮೇಲೆ ಬೀಳುತ್ತಾರೆ, ಬೇಳೆ ಚೆಲ್ಲುತ್ತದೆ, ಅದರ ಪರಿಮಳ ಹರಡುತ್ತದೆ. ನಿರೂಪಕ ಅಲ್ಲೇ ಇದ್ದಾನೆ, ಏನೂ ಮಾಡುವುದಿಲ್ಲ. ಸಾಮಾನ್ಯ ಬರಹಗಾರನಾಗಿದ್ದರೆ ಇಂಥ ನಿರೂಪಕನನ್ನು ಒರಟನನ್ನಾಗಿ ಮಾಡುತ್ತಿದ್ದ, ಇಲ್ಲವೇ ಪಶ್ಚಾತ್ತಾಪದಲ್ಲಿ ಅದ್ದಿ ತೆಗೆಯುತ್ತಿದ್ದ. ಶಾನಭಾಗರು ಅವನಿಗೆ ಕೊಟ್ಟಿರುವುದು ಸೂಕ್ಷ್ಮವಾದ ಮೂಗು, ಸೂಕ್ಷ್ಮವಾದ ಕಣ್ಣು. ಅಡುಗೆಯ ಪರಿಮಳದಲ್ಲಿದ್ದ ಅಕ್ಕರೆ ಅವನಿಗೆ ತಿಳಿಯುತ್ತದೆ, ಆ ಹೆಂಗಸಿನ ನಿರಾಯುಧ ಸ್ಥಿತಿಯೂ ತಿಳಿಯುತ್ತದೆ. ಅವಳು ಎದುರಿಗೆ ನಿಂತಾಗ ಕೊಡದ ಮರುಕವನ್ನು ಅವಳಿಲ್ಲದಾಗ ನಮ್ಮ ಮುಂದೆ ಧಾರಾಳವಾಗಿ ಸುರಿಯುತ್ತಾನೆ. ಎಷ್ಟು ಒಳ್ಳೆಯ ಮನಸ್ಸು ಇವನದು ಎಂದುಕೊಂಡು ನಾವು ಅವನನ್ನು ಬಿಟ್ಟುಬಿಡುತ್ತೇವೆ. ಕಥೆಯ ಬಲೆ ಇರುವುದೇ ಇಲ್ಲಿ. ಅವನ ಸಂವೇದನೆಯೇ ಅವನ ಮೇಲಿನ ದೋಷಾರೋಪ: ಕಾಣದವನಾಗಿದ್ದರೆ ಕ್ಷಮೆಯಿತ್ತು, ಇವನು ಎಲ್ಲವನ್ನೂ ಕಂಡು ಸುಮ್ಮನಿದ್ದವನು. ಹಳೆಯ ಮನೆಯಲ್ಲಿ ಇರುವೆಗಳನ್ನು ಕೊಲ್ಲುವುದು ಮನೆಮಂದಿಗೆ ಬರಬರುತ್ತ ರುಚಿಸಿದ್ದನ್ನು ಅವನು ವರ್ಣಿಸುವ ಸ್ವರಕ್ಕೂ ಈ ಪ್ರಸಂಗದ ಸ್ವರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇಂಥ ನಿರೂಪಕನನ್ನು ನಿಭಾಯಿಸುವುದು ಕಷ್ಟ. ಅರಿವು ಕೊಂಚ ಹೆಚ್ಚಾದರೆ ಅವನು ತಪ್ಪೊಪ್ಪಿಕೊಳ್ಳುವ ಸಾಧುವಾಗುತ್ತಾನೆ, ಕೊಂಚ ಕಡಿಮೆಯಾದರೆ ಪೆದ್ದನಾಗುತ್ತಾನೆ. ಇಡೀ ಪ್ರಸಂಗದಲ್ಲಿ ಶಾನಭಾಗರ ಕೈ ಒಮ್ಮೆಯೂ ನಡುಗಿಲ್ಲ.

ಇದನ್ನೆಲ್ಲ ಬದಿಗಿಟ್ಟು ‘ಘಾಚರ್ ಘೋಚರ್’ ಅನ್ನು ಉದಾರೀಕರಣೋತ್ತರ ಮಧ್ಯಮವರ್ಗದ ರೂಪಕವಾಗಿ ಓದುವುದು ಈಗ ರೂಢಿಯಾಗಿದೆ. ದುಡ್ಡು ಬಂತು, ಸಂಬಂಧ ಕೆಟ್ಟಿತು. ಬಡತನದಲ್ಲಿ ಒಗ್ಗಟ್ಟಿತ್ತು, ಸಿರಿತನದಲ್ಲಿ ಕ್ರೌರ್ಯ ಹುಟ್ಟಿತು. ಹೀಗೆ ಓದುವ ವಿಮರ್ಶಕರು ಒಂದು ಚಿಕ್ಕ ಸಂಗತಿಯನ್ನು ಗಮನಿಸಿದಂತಿಲ್ಲ: ಹಣವೇ ಮನುಷ್ಯರನ್ನು ಆಡಿಸುತ್ತದೆ ಎಂಬ ಈ ತತ್ತ್ವವನ್ನು ಹೇಳುವವನು ನಿರೂಪಕ. ಸೋನಾ ಮಸಾಲಾದ ನಿರ್ದೇಶಕನೆನಿಸಿಕೊಂಡು, ಕೆಲಸವಿಲ್ಲದೆ ತಿಂಗಳ ಸಂಬಳ ಎಣಿಸುವವನಿಗೆ ಇದಕ್ಕಿಂತ ಅನುಕೂಲದ ತತ್ತ್ವ ಬೇರೊಂದಿಲ್ಲ. ತಪ್ಪು ಹಣದ್ದಾದರೆ ಅವನದಲ್ಲ. ಆರೋಪಿಯ ಹೇಳಿಕೆಯನ್ನು ನಕಲು ಮಾಡಿ ತೀರ್ಪೆಂದು ಓದಿದ ಹಾಗಾಯಿತು ಇದು. ಇರುವೆಗಳ ಮೇಲಿನ ಕ್ರೌರ್ಯ ಹಳೆಯ ಮನೆಯದು, ದುಡ್ಡು ಬರುವ ಮೊದಲಿನದು ಎಂಬುದನ್ನಾದರೂ ಇವರು ನೆನಪಿಡಬೇಕಿತ್ತು. ಅಪ್ಪನ ಲೆಕ್ಕ ತಾಳೆಯಾಗದ ರಾತ್ರಿ ಮನೆಯವರೆಲ್ಲ ಕೂತು ಕೂಡಿ ಕಳೆದದ್ದನ್ನು ನಿರೂಪಕ ಒಗ್ಗಟ್ಟಿನ ಚಿತ್ರವಾಗಿ ಕೊಡುತ್ತಾನೆ, ನಿಜ. ಆದರೆ ಆ ಒಗ್ಗಟ್ಟು ಹೊರಗಿನವರ ಕಡೆ ತಿರುಗಿದಾಗ ಏನಾಗುತ್ತದೆಂದು ಬಾಗಿಲಿಗೆ ಬಂದ ಹೆಂಗಸು ಬಲ್ಲಳು. ಬಡತನದ ಬಗ್ಗೆ ಕನ್ನಡ ವಿಮರ್ಶೆಗೆ ಇರುವ ಹಳೆಯ ಮಮತೆ ಇಲ್ಲಿ ಓದಿಗೆ ಅಡ್ಡ ಬಂದಿದೆ.

ಇನ್ನು ಎಲ್ಲರೂ ಮೆಚ್ಚುವ ಕೊನೆ. ಅನಿತಾ ಮನೆಯಲ್ಲಿಲ್ಲ. ಹೆಂಗಸರನ್ನು ಎಷ್ಟು ಸಲೀಸಾಗಿ ಕೊಲ್ಲಿಸಬಹುದೆಂದು ಮನೆಯವರು ಹರಟುತ್ತಾರೆ. ಅವಳಿಂದ ಸುದ್ದಿಯಿಲ್ಲ. ನಿರೂಪಕನ ಕೈಯಲ್ಲಿ ಗಾಜಿನ ಲೋಟ ಒಡೆಯುತ್ತದೆ, ಕಾಫಿ ಹೌಸಿನ ಮಾಣಿ ವಿನ್ಸೆಂಟ್ ಕೈ ತೊಳೆಯಲು ಹೇಳಿ ರಕ್ತವನ್ನು ತೋರಿಸುತ್ತಾನೆ. ಹೇಳದೆ ಬಿಟ್ಟದ್ದು ಎಂದು ಕೊಂಡಾಡುವುದು ಇದನ್ನೇ. ನನಗೆ ಕಾಣುವಂತೆ ಇಡೀ ಪುಸ್ತಕದಲ್ಲಿ ಅತಿ ಜೋರಾಗಿ ಹೇಳಿದ ಮಾತು ಇದು. ಕೈಗೆ ರಕ್ತ ಅಂಟಿದೆ ಎನ್ನುವುದಕ್ಕಿಂತ ಬಹಿರಂಗವಾದ ಸಂಕೇತ ಯಾವುದಿದೆ? ಅಲ್ಲಿಯವರೆಗೆ ನಾವು ಕೇಳುತ್ತಿದ್ದದ್ದು ಈ ಮನುಷ್ಯ ಮಾತಾಡುತ್ತ ಏನನ್ನು ದಾಟಿಸುತ್ತಿದ್ದಾನೆ ಎಂದು. ಇಲ್ಲಿ ಕೇಳತೊಡಗುತ್ತೇವೆ: ಅನಿತಾಳನ್ನು ಕೊಂದರೇ, ಇಲ್ಲವೇ? ಓದುಗ ಪೊಲೀಸನಾಗುತ್ತಾನೆ. ನೈತಿಕ ಅನಿಶ್ಚಯವಾಗಿದ್ದದ್ದು ಘಟನೆಯ ಅನಿಶ್ಚಯವಾಗಿ ಕುಗ್ಗುತ್ತದೆ. ಬೇಳೆ ಚೆಲ್ಲಿದ್ದಕ್ಕೆ ಹೊಣೆಯಾಗಿದ್ದವನು ಈಗ ಕೊಲೆ ನಡೆದಿರಬಹುದೆಂದು ಬೆದರಿದ ಗಂಡನಾಗಿ ನಮ್ಮ ಕನಿಕರಕ್ಕೆ ಪಾತ್ರನಾಗುತ್ತಾನೆ.

ವಿನ್ಸೆಂಟನನ್ನು ಋಷಿಯೆಂದು ಭಾವಿಸುವುದು ನಿರೂಪಕನ ಭ್ರಮೆ, ಆದ್ದರಿಂದ ಕೊನೆಯ ಮಾತಿನ ಭಾರವೂ ಆ ಭ್ರಮೆಯದೇ ಎಂದು ವಾದಿಸಬಹುದು. ಬಲವಾದ ವಾದವೇ. ಮೊದಲ ಪುಟಗಳಲ್ಲಿ ಮಾಣಿಯ ಸಾಧಾರಣ ಮಾತಿಗೆ ನಿರೂಪಕ ಅಗಾಧ ಅರ್ಥ ಹಚ್ಚುವಾಗ ಲೇಖಕರು ಅವನನ್ನು ನೋಡಿ ಮುಗುಳ್ನಗುವುದು ಸ್ಪಷ್ಟ. ಕೊನೆಯಲ್ಲಿ ಆ ನಗೆ ಇಲ್ಲ. ಅಲ್ಲಿ ಮಾಣಿಯ ಮಾತಿಗೆ ಅರ್ಥ ಹಚ್ಚುವವರು ಲೇಖಕರು. ಶಾನಭಾಗರ ನಂತರದ ಕಾದಂಬರಿ ‘ಸಕೀನಾಳ ಮುತ್ತು’ (2021) ಇನ್ನೂ ಉದ್ದವಾಗಿ, ಇಷ್ಟು ಬಿಗಿಯಿಲ್ಲದೆ ಸಾಗುತ್ತದೆ ಎಂಬ ದೂರಿದೆ. ಆದರೆ ತನ್ನನ್ನು ಉದಾರಿಯೆಂದು ನಂಬಿದ ಗೃಹಸ್ಥನಿಗೆ ಅಲ್ಲಿ ಬೇಕಾದಷ್ಟು ಮಾತಾಡಲು ಬಿಟ್ಟಿದ್ದಾರೆ, ಅದರಿಂದ ಅವನು ಹೆಚ್ಚು ಸಿಕ್ಕಿಬೀಳುತ್ತಾನೆ. ಶಾನಭಾಗರ ಒಳ್ಳೆಯ ಬರವಣಿಗೆಯನ್ನು ಆ ದಾರಿಯಲ್ಲಿ ಹುಡುಕಬೇಕು. ‘ಘಾಚರ್ ಘೋಚರ್’ನ ಕೊನೆಯ ಪುಟ ಇಲ್ಲದಿದ್ದರೆ ಅದು ಇನ್ನೂ ಭೀಕರವಾದ ಪುಸ್ತಕವಾಗುತ್ತಿತ್ತು.