ಗಂಟೆ ಲೆಕ್ಕದ ಗಾಯ

ಟ್ರ್ಯಾಕ್ಟರಿನ ಹಿಂದಿನ ಯಂತ್ರಕ್ಕೆ ಸಿಕ್ಕಿ ಯಾರಾದರೂ ಕಾಲು ಕಳಕೊಂಡರೆ ನಮ್ಮ ಕಡೆ ತೀರ್ಪು ಬರಲು ಹೆಚ್ಚು ಹೊತ್ತು ಬೇಕಿಲ್ಲ. ಆಂಬುಲೆನ್ಸು ಹೆದ್ದಾರಿ ಮುಟ್ಟುವಷ್ಟರಲ್ಲಿ ಟೀ ಅಂಗಡಿಯ ಬೆಂಚು ವಿಚಾರಣೆ ಮುಗಿಸಿರುತ್ತದೆ: ‘ಅವನೇ ಹುಷಾರಾಗಿರಬೇಕಿತ್ತು.’ ಮಾರನೆಯ ದಿನ ಅದೇ ಮಾತು ಇಸ್ತ್ರಿ ಹಾಕಿಸಿಕೊಂಡು ‘ಅಜಾಗರೂಕತೆಯಿಂದ’ ಎಂದು ಪತ್ರಿಕೆಯಲ್ಲಿ ಬರುತ್ತದೆ. ದೈವಭೀರುಗಳು ಹಣೆಬರಹ ಎನ್ನುತ್ತಾರೆ. ಎರಡು ಮಾತಿನ ಫಲವೂ ಒಂದೇ. ಯಂತ್ರ ಮರುದಿನ ಬೆಳಿಗ್ಗೆ ಹೇಗಿತ್ತೋ ಹಾಗೆಯೇ ಇನ್ನೊಂದು ಹೊಲಕ್ಕೆ ಹೋಗುತ್ತದೆ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಮೊದಲು ಒಪ್ಪುತ್ತಿದ್ದೆ. ಮೊಳಕಾಲ್ಮೂರು ಸೀಮೆಯ ಸಿದ್ದಾಪುರದ ಸುತ್ತಲಿನ ಹೊಲಗಳಲ್ಲಿ ಮಣ್ಣು ಪುಡಿ ಮಾಡುವ ರೋಟವೇಟರ್ ಓಡುವುದನ್ನು ಬದುವಿನ ಮೇಲೆ ನಿಂತು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಡ್ರೈವರ್ ಹುಡುಗ ಹಿಂದೆ ತಿರುಗಿ ನೋಡುವುದಿಲ್ಲ, ಮಡ್‌ಗಾರ್ಡ್ ಮೇಲೆ ಇಬ್ಬರು ಕೂತಿರುತ್ತಾರೆ, ಬ್ಲೇಡಿಗೆ ಸುತ್ತಿದ ಕಳೆ ಕೀಳಲು ಒಬ್ಬ ಬಗ್ಗಿರುತ್ತಾನೆ, ಇಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಇದು ಅಜಾಗರೂಕತೆಯಲ್ಲದೆ ಇನ್ನೇನು? ಆದರೆ ಅವನು ಅಲ್ಲಿ ಬಗ್ಗಬೇಕಾಗಿ ಬಂದದ್ದು ಏಕೆ ಎಂದು ಕೇಳಿಕೊಂಡು ಹಿಂದಕ್ಕೆ ಹೋದರೆ, ಅಪಘಾತದ ಬೇರು ಆ ಕ್ಷಣದಲ್ಲಿ ಸಿಕ್ಕುವುದಿಲ್ಲ. ಬೆಳಿಗ್ಗೆ ಯಂತ್ರವನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿದ ಹೊತ್ತಿನಲ್ಲಿ ಸಿಕ್ಕುತ್ತದೆ.

ರೋಟವೇಟರನ್ನು ಸರಿಯಾಗಿ ಹೊಂದಿಸಲು ಅರ್ಧ ಗಂಟೆ ಬೇಕು. ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಕೆಳಗಿನ ಎರಡು ತೋಳು, ಮೇಲಿನ ಒಂದು ತೋಳು ಸಿಕ್ಕಿಸಿದ ಮೇಲೆ ಯಂತ್ರ ಎಡಬಲಕ್ಕೂ ಹಿಂದುಮುಂದಕ್ಕೂ ಮಟ್ಟವಾಗಿದೆಯೇ ಎಂದು ನೋಡಬೇಕು. ಎಷ್ಟು ಆಳ ಹೋಗಬೇಕೆಂಬುದನ್ನು ಎರಡು ಪಕ್ಕದ ಜಾರುಪಟ್ಟಿಗಳಲ್ಲೂ ಸಮನಾಗಿ ಕಟ್ಟಬೇಕು. ಒಂದೊಂದು ಬ್ಲೇಡಿನ ನಟ್ಟಿಗೂ ಪಾನ ಮುಟ್ಟಬೇಕು. ಆಮೇಲೆ ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಒ ಎಂಬ ದಂಡದಿಂದ ಯಂತ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು. ಅದು ಒಂದರೊಳಗೊಂದು ಜಾರುವ ಎರಡು ಕೊಳವೆ. ಲಿಫ್ಟ್ ಏರಿಸಿ ಇಳಿಸಿದಾಗ ಅವು ತಳಕ್ಕೆ ಗುದ್ದಲೂಬಾರದು, ಬಿಟ್ಟು ಹೋಗಲೂಬಾರದು. ಪಿನ್ನು ‘ಟಕ್’ ಎಂದು ಕೂತಿರಬೇಕು. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರಿನ ಸಣ್ಣ ಸರಪಳಿಯನ್ನು ಕೊಂಡಿಗೆ ಹಾಕಬೇಕು, ಇಲ್ಲದಿದ್ದರೆ ಶಾಫ್ಟಿನ ಜೊತೆ ಕವರೂ ತಿರುಗುತ್ತದೆ. ಹಿಂದಿನ ತಗಡಿನ ಬಾಗಿಲು ಇಳಿದಿರಬೇಕು, ಮಸಾರಿ ನೆಲದ ಕಲ್ಲು ಹಿಂದಕ್ಕೆ ಚಿಮ್ಮುವುದನ್ನು ತಡೆಯುವುದು ಅದೇ. ಇಷ್ಟೂ ಇಂಜಿನ್ ಬಂದಾಗಿ ಕೀಲಿ ಜೇಬಿನಲ್ಲಿರುವಾಗ ಆಗಬೇಕು.

ಯಂತ್ರ ಒಂದು ಪಕ್ಕಕ್ಕೆ ವಾಲಿಕೊಂಡು ಸಿಕ್ಕಿತು ಎಂದಿಟ್ಟುಕೊಳ್ಳಿ. ಆ ಪಕ್ಕ ಹೆಚ್ಚು ಆಳ ಹೋಗುತ್ತದೆ, ಅಲ್ಲಿಯೇ ಗರಿಕೆ, ಹಳೆಯ ಡ್ರಿಪ್ ಪೈಪಿನ ತುಂಡು, ಮಲ್ಚಿಂಗ್ ಹಾಳೆ ಸುತ್ತಿಕೊಳ್ಳುತ್ತವೆ. ಪ್ರತಿ ಎರಡು ಸಾಲಿಗೊಮ್ಮೆ ಇಳಿದು ಕಿತ್ತು ಹಾಕಬೇಕು. ಮನುಷ್ಯನ ಕೈ ದಿನಕ್ಕೆ ಎಷ್ಟು ಸಲ ಬ್ಲೇಡಿನ ಬಳಿ ಹೋಗಬೇಕೆಂದು ಆ ವಾಲು ನಿರ್ಧರಿಸಿಬಿಟ್ಟಿದೆ. ಮೂವತ್ತು ಸಲ ಇಳಿದವನು ಇಪ್ಪತ್ತೊಂಬತ್ತು ಸಲ ಪಿಟಿಒ ಬಂದ್ ಮಾಡಿರಬಹುದು. ಮೂವತ್ತನೆಯದಕ್ಕೆ ನಾವು ಇಡುವ ಹೆಸರು ಅಜಾಗರೂಕತೆ.

ಪಿಟಿಒ ಬಂದ್ ಮಾಡಿದರೂ ಬ್ಲೇಡು ಕೂಡಲೇ ನಿಲ್ಲುವುದಿಲ್ಲ, ಇನ್ನೂ ಕೆಲವು ಸುತ್ತು ತನ್ನ ಪಾಡಿಗೆ ತಿರುಗುತ್ತದೆ.

ಶಾಫ್ಟಿನ ಲೆಕ್ಕ ಇನ್ನೂ ಕಠೋರ. ಪಿಟಿಒದ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಏಳು ಸೆಂಟಿಮೀಟರ್ ದಪ್ಪದ ಶಾಫ್ಟು ಒಂದು ಸುತ್ತಿಗೆ 22 ಸೆಂಟಿಮೀಟರ್ ಬಟ್ಟೆಯನ್ನು ಎಳಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ಎರಡು ಮೀಟರ್ ಆಯಿತು. ‘ಅಯ್ಯೋ’ ಎಂದು ಕೈ ಹಿಂದೆಳೆಯಲು ಮನುಷ್ಯನಿಗೆ ಮುಕ್ಕಾಲು ಸೆಕೆಂಡು ಹಿಡಿಯುತ್ತದೆ ಎನ್ನಿ. ಅಷ್ಟರಲ್ಲಿ ಒಂದೂವರೆ ಮೀಟರ್ ಒಳಗೆ ಹೋಗಿರುತ್ತದೆ. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ರಾಟೆಯ ಮೇಲೆ ಕಂಡಿಕೆ ಸುತ್ತುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲಿನ ತುದಿ ಒಮ್ಮೆ ಕಚ್ಚಿದರೆ ಉಳಿದದ್ದು ತಾನೇ ಹೋಗುತ್ತದೆ, ಸುತ್ತು ದಪ್ಪವಾದಂತೆ ಎಳೆತ ಇನ್ನೂ ಜೋರಾಗುತ್ತದೆ. ಐದೂವರೆ ಮೀಟರಿನ ಸೀರೆಗೆ ಮೂರು ಸೆಕೆಂಡೂ ಬೇಡ. ಶೇಂಗಾ ಬಿಡಿಸುವ ಯಂತ್ರದ ಪಕ್ಕದಲ್ಲಿ ಬಳ್ಳಿಯ ಹೊರೆ ಹೊತ್ತು ಓಡಾಡುವ ಹೆಂಗಸರು ಇದೇ ಶಾಫ್ಟನ್ನು ದಾಟಿ ಹೋಗುತ್ತಾರೆ. ಅವರಿಗೆ ‘ಸೆರಗು ಸಿಕ್ಕಿಸಿಕೊಳ್ಳಮ್ಮ’ ಎಂದು ಹೇಳುವುದನ್ನೇ ನಾವು ಸುರಕ್ಷತೆ ಎಂದು ಕರೆಯುತ್ತಿದ್ದೇವೆ.

ಹಾಗಾದರೆ ಕವರ್ ಏಕಿಲ್ಲ? ಹೊಸ ಯಂತ್ರದ ಜೊತೆ ಕವರ್ ಬಂದಿರುತ್ತದೆ, ಮೊದಲ ಹಂಗಾಮಿನಲ್ಲಿಯೇ ಮಾಯವಾಗುತ್ತದೆ. ನಮ್ಮವರ ಉಡಾಫೆ ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಶಾಫ್ಟಿನ ಜಾಯಿಂಟಿಗೆ ಆಗಾಗ ಗ್ರೀಸ್ ಹೊಡೆಯಲೇಬೇಕು, ಗ್ರೀಸ್ ಹೊಡೆಯುವ ನಿಪ್ಪಲ್ ಹಲವು ಯಂತ್ರಗಳಲ್ಲಿ ಕವರಿನ ಅಡಿಗೇ ಇರುತ್ತದೆ. ಗ್ರೀಸ್ ಮರೆತರೆ ಜಾಯಿಂಟ್ ಹೋಯಿತು, ಮಾಲೀಕ ಬೈಯುತ್ತಾನೆ. ಕವರ್ ಮರೆತರೆ ಯಾರೂ ಬೈಯುವುದಿಲ್ಲ. ಇಂಥ ಕಡೆ ಕವರ್ ಬಿಚ್ಚಿಟ್ಟವನು ಮೂರ್ಖನೇನಲ್ಲ. ಅವನು ಯಂತ್ರವನ್ನು ಚೆನ್ನಾಗಿ ನೋಡಿಕೊಂಡ, ಅಷ್ಟೆ. ಯಂತ್ರದ ಆರೈಕೆಗೂ ಮನುಷ್ಯನ ರಕ್ಷಣೆಗೂ ಜಗಳ ಹಚ್ಚಿದ್ದು ವಿನ್ಯಾಸ ಮಾಡಿದ ಮೇಜು.

ಹುಲ್ಲು ಕತ್ತರಿಸುವ ಸವಾರಿ ಯಂತ್ರದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಸೀಮೆಗೆ ಅದು ಹೊಸದು. ಚಳ್ಳಕೆರೆಯ ಅಮೃತ್ ಮಹಲ್ ಕಾವಲುಗಳಲ್ಲಿ ಹುಲ್ಲು ಮಟ್ಟ ಮಾಡುತ್ತಿದ್ದದ್ದು ದನದ ಹಲ್ಲು. ಸವಾರಿ ಯಂತ್ರ ಕಾಣಬೇಕೆಂದರೆ ದೊಡ್ಡ ಊರಿನ ಮೈದಾನಕ್ಕೋ ಗಾಲ್ಫ್ ಅಂಗಳಕ್ಕೋ ಹೋಗಬೇಕು. ಅದರ ಹೊಟ್ಟೆಯಡಿ ಮಗುಚಿದ ಬೋಗುಣಿಯಂಥ ತಗಡು, ಒಳಗೆ ಅಡ್ಡಡ್ಡ ತಿರುಗುವ ಬ್ಲೇಡುಗಳು. ಅಮೆರಿಕದ ಮಾನದಂಡ ಆ ಬ್ಲೇಡಿನ ತುದಿಗೆ ಹಾಕಿರುವ ವೇಗಮಿತಿಯೇ ನಿಮಿಷಕ್ಕೆ 19,000 ಅಡಿ, ಗಂಟೆಗೆ 350 ಕಿಲೋಮೀಟರಿನ ಹತ್ತಿರ. ಅದನ್ನು ಹೊಂದಿಸುವ ಕ್ರಮವೂ ರೋಟವೇಟರಿನ ಅಣ್ಣತಮ್ಮನಂತಿದೆ. ಮೊದಲು ಚಕ್ರಗಳ ಗಾಳಿ ಸಮ ಮಾಡಿ, ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಬ್ಲೇಡಿನ ಮುಂದಿನ ತುದಿ ಹಿಂದಿನದಕ್ಕಿಂತ ಮೂರರಿಂದ ಆರು ಮಿಲಿಮೀಟರ್ ತಗ್ಗಿರುವಂತೆ ತೂಗುಹಾಕಬೇಕು. ಇದು ತಪ್ಪಿದರೆ ಹಸಿ ಹುಲ್ಲು ತಗಡಿನೊಳಗೆ ಗಂಟು ಕಟ್ಟುತ್ತದೆ, ಅದನ್ನು ಬಿಡಿಸಲು ಮತ್ತೆ ಅದೇ ಕೈ ಅದೇ ಜಾಗಕ್ಕೆ ಹೋಗುತ್ತದೆ.

ವ್ಯತ್ಯಾಸ ಇರುವುದು ಸೀಟಿನಲ್ಲಿ. ಸವಾರ ಎದ್ದರೆ ಸೀಟಿನಡಿಯ ಸ್ವಿಚ್ಚು ಬ್ಲೇಡನ್ನು ನಿಲ್ಲಿಸುತ್ತದೆ. ಕೈಯಿಂದ ತಳ್ಳಿಕೊಂಡು ಹೋಗುವ ಯಂತ್ರಕ್ಕೆ ಅಮೆರಿಕ 1982ರಲ್ಲಿ ನಿಯಮವನ್ನೇ ಜಾರಿಗೆ ತಂದಿತು: ಹಿಡಿ ಬಿಟ್ಟ ಮೂರು ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕು. ಅಲ್ಲಿಯವರು ನಮಗಿಂತ ಜಾಗರೂಕರಾಗಿದ್ದರು ಎಂದಲ್ಲ. ಆ ಸ್ವಿಚ್ಚಿಗೆ ತಂತಿ ಸುತ್ತಿ ಯಾಮಾರಿಸುವವರು ಅಲ್ಲೂ ಇದ್ದಾರೆ. ಆದರೆ ಮನುಷ್ಯ ಆಯಾಸಗೊಳ್ಳುತ್ತಾನೆ, ಮರೆಯುತ್ತಾನೆ, ಅವಸರ ಮಾಡುತ್ತಾನೆ ಎಂಬುದನ್ನು ಯಂತ್ರವೇ ಮೊದಲೇ ಒಪ್ಪಿಕೊಂಡಿರಬೇಕು ಎಂಬ ತತ್ವ ಕಾನೂನಾಯಿತು. ನಮ್ಮ ರೋಟವೇಟರ್ ಎಳೆಯುವ ಟ್ರ್ಯಾಕ್ಟರಿನ ಸೀಟಿನಿಂದ ಡ್ರೈವರ್ ಎದ್ದು ಹೋಗಿ ಬೀಡಿ ಹಚ್ಚಿದರೂ ಹಿಂದಿನ ಶಾಫ್ಟು ತಿರುಗುತ್ತಲೇ ಇರುತ್ತದೆ.

ನಮ್ಮಲ್ಲಿ ಕಾನೂನೇ ಇಲ್ಲ ಎನ್ನಲಾಗದು. ಹಸಿರು ಕ್ರಾಂತಿಯ ಕಾಲದಲ್ಲಿ ಪಂಜಾಬ್, ಹರಿಯಾಣಗಳ ಕಣಗಳಲ್ಲಿ ಗೋಧಿ ಒಕ್ಕುವ ಯಂತ್ರಗಳು ಕೈಗಳನ್ನು ತಿಂದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಒಕ್ಕಣೆ ಯಂತ್ರದ ಬಾಯಿ ಹೇಗಿರಬೇಕು ಎಂಬುದಕ್ಕೆ ಭಾರತೀಯ ಮಾನಕವೂ ಇದೆ. ಪೈರು ತಳ್ಳುವ ದೋಣಿ 90 ಸೆಂಟಿಮೀಟರ್ ಉದ್ದ, ಅದರಲ್ಲಿ 45 ಸೆಂಟಿಮೀಟರ್ ಮುಚ್ಚಿರಬೇಕು. ಈ ಅಳತೆಯಲ್ಲಿ ಒಂದು ವಿವೇಕವಿದೆ, ನನಗೆ ಅದು ಬಹಳ ಇಷ್ಟ. ‘ಕೈ ಹುಷಾರು’ ಎಂದು ಬೋರ್ಡು ಬರೆಯುವ ಬದಲು ಅದು ಕೈಯ ಉದ್ದವನ್ನು ಅಳೆದು, ಹಲ್ಲನ್ನು ಅದಕ್ಕೆ ಎಟುಕದಷ್ಟು ದೂರವಿಟ್ಟಿತು. ಆದರೆ ಕಾಯ್ದೆ ಹೆಸರಿಟ್ಟು ಕರೆದದ್ದು ಒಕ್ಕಣೆ ಯಂತ್ರವನ್ನು. ಕಣದಲ್ಲಿ ಒಪ್ಪಿಕೊಂಡ ಅದೇ ವಿವೇಕ ಹೊಲಕ್ಕೆ ಬರುವಷ್ಟರಲ್ಲಿ ಮತ್ತೆ ‘ಹುಷಾರಪ್ಪ’ ಆಗಿಬಿಡುತ್ತದೆ.

ಬೋರ್ಡಿನ ಮಾತು ಬಂದಾಗ ಸಿದ್ದಾಪುರದ ಬಂಡೆ ನೆನಪಾಗುತ್ತದೆ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಈ ಮೂರು ಕಡೆಯ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಆಗ ಎಷ್ಟು ಜನ ಇದ್ದಾರು? ಇಂದಿನ ಯಂತ್ರದ ಮೇಲಿನ ಹಳದಿ ಸ್ಟಿಕ್ಕರುಗಳನ್ನು ನೋಡಿದಾಗಲೆಲ್ಲ ನನಗೆ ಚಪಡ ನೆನಪಾಗುತ್ತಾನೆ. ಇಂಗ್ಲಿಷು, ಕೆಲವು ಕಡೆ ಹಿಂದಿ; ಓದಬೇಕಾದವನಿಗೆ ಎರಡೂ ಖರೋಷ್ಠಿಯೇ. ಅಶೋಕನಾದರೂ ಬರಹವನ್ನೇ ನಂಬಿ ಕೂರಲಿಲ್ಲ. ಈ ಸೀಮೆಯ ಅಂದಿನ ಊರು ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಹೇಳಿ ಕಳಿಸಿದ, ಮಾತನ್ನು ಜನರ ಕಿವಿಗೆ ಸಾರಿಸಿದ. ನಮ್ಮ ಕೈಪಿಡಿಗಳು ಪ್ಲಾಸ್ಟಿಕ್ ಚೀಲದಲ್ಲಿ ಟೂಲ್ ಬಾಕ್ಸ್ ಸೇರಿದರೆ ಸಾರುವವರು ಯಾರೂ ಇಲ್ಲ.

ಬೆಳಗಿನ ಆ ಅರ್ಧ ಗಂಟೆ ಏಕೆ ಸಿಕ್ಕುವುದಿಲ್ಲ ಎಂದು ತಿಳಿಯಲು ಈಗ ಬಾಡಿಗೆಯ ಗಂಟೆ ಲೆಕ್ಕಕ್ಕೆ ಬರೋಣ. ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ನಮ್ಮದೂ ಒಂದು. ಮಳೆ ಬಿದ್ದ ಮೇಲೆ ಹದ ನಿಲ್ಲುವುದು ಕೆಲವೇ ದಿನ. ಅಷ್ಟರಲ್ಲಿ ಎಲ್ಲರ ಹೊಲವೂ ಶೇಂಗಾ ಬಿತ್ತನೆಗೆ ಅಣಿಯಾಗಬೇಕು, ಎಲ್ಲರಿಗೂ ಅದೇ ಟ್ರ್ಯಾಕ್ಟರ್ ಬೇಕು. ಸ್ವಂತ ಯಂತ್ರ ಇಟ್ಟವರು ಕಡಿಮೆ, ಉಳಿದವರಿಗೆ ಊರಿನ ಬಾಡಿಗೆ ಗಾಡಿಯೋ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರವೋ ಗತಿ. ಗಂಟೆಗಿಷ್ಟು ಎಂದು ಬಾಡಿಗೆ ಮಾತಾದರೆ, ಬದುವಿನ ಮೇಲೆ ನಿಂತ ರೈತನ ಕಣ್ಣು ಗಡಿಯಾರದ ಮೇಲೆ. ಡ್ರೈವರ್ ಇಳಿದು ಮಟ್ಟ ನೋಡತೊಡಗಿದರೆ ‘ಏನಪ್ಪಾ, ಸುಮ್ನೆ ನಿಂತಿದ್ದಕ್ಕೂ ದುಡ್ಡು ಕೊಡ್ಬೇಕಾ?’ ಎಂಬ ಮಾತು ಬಂದೇ ಬರುತ್ತದೆ. ಕಳೆ ಕೀಳುವಾಗ ಇಂಜಿನ್ ಬಂದ್ ಮಾಡಿದರೂ ಅದೇ ಮಾತು. ಎಕರೆಗಿಷ್ಟು ಎಂದರೆ ಅವಸರ ಡ್ರೈವರಿನ ತಲೆಗೆ ಏರುತ್ತದೆ, ದಿನಕ್ಕೆ ಒಂದು ಎಕರೆ ಹೆಚ್ಚಾದರೆ ಅವನಿಗೆ ಲಾಭ. ಎರಡು ಲೆಕ್ಕದಲ್ಲೂ ಆ ಅರ್ಧ ಗಂಟೆಗೆ ಮನೆಯಿಲ್ಲ. ಅದನ್ನು ಕೊಡುವವರೂ ಇಲ್ಲ, ಪಡೆಯುವವರೂ ಇಲ್ಲ.

ತಪ್ಪೆಲ್ಲ ಬಾಡಿಗೆಯದ್ದು, ಡ್ರೈವರಿನದ್ದು ಏನೂ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಕುಡಿದು ಸೀಟು ಹತ್ತುವವನನ್ನು, ಮಡ್‌ಗಾರ್ಡಿನ ಮೇಲೆ ಮಗು ಕೂರಿಸಿಕೊಳ್ಳುವವನನ್ನು ನಾನು ಸಮರ್ಥಿಸಲಾರೆ. ಮಗುವಿನ ವಿಷಯದಲ್ಲಂತೂ ಕ್ಷಮೆಯ ಮಾತೇ ಇಲ್ಲ. ಇನ್ನೊಂದು ವಾದ ಇದಕ್ಕಿಂತ ಗಟ್ಟಿ: ‘ಇಪ್ಪತ್ತು ವರ್ಷ ಓಡಿಸಿದ್ದೀನಿ, ಏನೂ ಆಗಿಲ್ಲ.’ ಅನುಭವಕ್ಕೆ ನಮ್ಮಲ್ಲಿ ದೊಡ್ಡ ಮರ್ಯಾದೆ, ಇರಬೇಕಾದದ್ದೇ. ಹದ ಯಾವಾಗ ಬಂತು, ಯಾವ ಹೊಲಕ್ಕೆ ಯಾವ ಗೇರು, ಇಂಥವನ್ನು ಕಲಿಸುವುದು ಅನುಭವ ಮಾತ್ರ. ಆದರೆ ತಿರುಗುವ ಶಾಫ್ಟಿನ ವಿಷಯದಲ್ಲಿ ಅದು ತಿರುವುಮುರುವಾಗುತ್ತದೆ. ನೂರು ಸಲ ದಾಟಿದವನಿಗೆ ಅದು ಶಾಫ್ಟೆಂದು ಕಾಣುವುದೇ ನಿಂತು ಹೋಗಿರುತ್ತದೆ. ಹೊಸಬ ಹೆದರಿ ಸುತ್ತು ಹಾಕಿಕೊಂಡು ಹೋಗುತ್ತಾನೆ, ಹಳಬ ದಾಟುತ್ತಾನೆ.

ಯಂತ್ರಧಾರೆಯಂಥ ಕೇಂದ್ರಗಳು ಮನಸ್ಸು ಮಾಡಿದರೆ ಬಾಡಿಗೆ ಚೀಟಿಯಲ್ಲಿ ಒಂದು ಸಾಲು ಸೇರಿಸಬಹುದು: ಜೋಡಣೆಗೆ ಇಷ್ಟು, ಹೊಲದ ಗಂಟೆಗೆ ಇಷ್ಟು. ಕವರಿಲ್ಲದ ಶಾಫ್ಟಿಗೆ ಗೇಟಿನಿಂದಾಚೆ ದಾರಿಯಿಲ್ಲ ಎನ್ನಬಹುದು. ಕವರ್ ಬಿಚ್ಚದೆ ಗ್ರೀಸ್ ಹೊಡೆಯುವಂಥ ಶಾಫ್ಟನ್ನೇ ಕೊಳ್ಳಬಹುದು, ಅಂಥವು ಇವೆ. ಇದಕ್ಕೆ ಉಪದೇಶ ಬೇಡ, ದುಡ್ಡು ಬೇಕು. ಅದಕ್ಕೇ ಉಪದೇಶ ಇಷ್ಟು ಧಾರಾಳವಾಗಿ ಸಿಕ್ಕುತ್ತಿದೆ.

ಇನ್ನು ಆಯುಧಪೂಜೆ. ಓದಿದವರು ಅದನ್ನು ಕಂಡು ನಗುತ್ತಾರೆ: ನಿಂಬೆಹಣ್ಣು ಇಡುತ್ತೀರಿ, ನಟ್ಟು ಬಿಗಿ ಮಾಡುವುದಿಲ್ಲ ಎಂದು. ನನಗೆ ಹಾಗನ್ನಿಸುವುದಿಲ್ಲ. ವರ್ಷದಲ್ಲಿ ಇಂಜಿನ್ ಬಂದಾಗಿ, ಯಂತ್ರ ಮಟ್ಟದ ನೆಲದ ಮೇಲೆ ನಿಂತು, ಯಾರಿಗೂ ಅವಸರವಿಲ್ಲದೆ, ಒಂದೊಂದು ಬ್ಲೇಡಿನ ಮಣ್ಣನ್ನೂ ಕೈಯಿಂದ ತೊಳೆಯುವ ದಿನ ಅದೊಂದೇ. ನಾನು ಹೇಳುತ್ತಿರುವ ಅರ್ಧ ಗಂಟೆ ಬಾಡಿಗೆಯ ಕಾಟವಿಲ್ಲದೆ ಸಿಕ್ಕುವುದು ಆ ಬೆಳಿಗ್ಗೆ ಮಾತ್ರ. ಹೋದ ಸಲ ಅಂಥದೊಂದು ಅಂಗಳದಲ್ಲಿ ನಿಂತಿದ್ದೆ. ತೊಳೆದು ಹೊಳೆಯುತ್ತಿದ್ದ ರೋಟವೇಟರಿಗೆ ಚೆಂಡುಹೂವಿನ ಹಾರ, ಬೆತ್ತಲೆ ಶಾಫ್ಟಿನ ಮೇಲೆ ಮೂರು ಬೆರಳಿನ ವಿಭೂತಿ.

‘ಇದರ ಕವರ್ ಎಲ್ಲಪ್ಪಾ?’ ಎಂದೆ.

‘ಅಟ್ಟದ ಮ್ಯಾಲೈತೆ ಸಾರ್, ಹೊಸದು ಹೊಸದಂಗೇ ಐತೆ,’ ಎಂದ ಹುಡುಗ. ‘ಗಾಡಿ ಮಾರೋವಾಗ ಹಾಕ್ತೀವಿ.’