ನೋವು ಇರುವುದು ಇಳಿಜಾರಿನಲ್ಲಿ

ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಳಿದವರು ಮಂಗಳವಾರ ಬೆಳಿಗ್ಗೆ ಮನೆಯ ನಾಲ್ಕು ಮೆಟ್ಟಿಲಿಳಿಯಲು ಗೋಡೆ ಹಿಡಿಯುತ್ತಾರೆ. ಕೇಳಿದರೆ ‘ಹತ್ತಿದ್ದು ಜಾಸ್ತಿ ಆಯ್ತು’ ಅನ್ನುತ್ತಾರೆ. ಪಾಪ, ಹತ್ತಿದ್ದರ ಮೇಲೆ ಸುಮ್ಮನೆ ಅಪವಾದ. ತೊಡೆ ಹಿಡಿದುಕೊಂಡದ್ದು ಇಳಿದದ್ದಕ್ಕೆ.

ಹತ್ತುವಾಗ ತೊಡೆಯ ಸ್ನಾಯು ಕುಗ್ಗಿ ಮೈಯನ್ನು ಮೇಲೆತ್ತುತ್ತದೆ. ಅದಕ್ಕೆ ಆಮ್ಲಜನಕ ಹೇರಳವಾಗಿ ಬೇಕು. ಎದೆ ಬಡಿದುಕೊಳ್ಳುತ್ತದೆ, ದಾರಿಯಲ್ಲಿರುವ ನಂದಿ ವಿಗ್ರಹದ ಹತ್ತಿರ ಬರುವಷ್ಟರಲ್ಲಿ ಅಂಗಿ ಒದ್ದೆ. ಇಳಿಯುವಾಗ ಉಸಿರು ಸಲೀಸು, ಮಾತು ಜೋರು. ಆದರೆ ಒಂದೇ ಒಂದು ಮೆಟ್ಟಿಲು ನಿಧಾನಕ್ಕೆ ಇಳಿದು ನೋಡಿ. ಮೇಲುಳಿದ ಕಾಲಿನ ಮಂಡಿ ಬಾಗುತ್ತಾ ಹೋಗುತ್ತದೆ. ಆ ತೊಡೆಯ ಸ್ನಾಯು ಇಡೀ ಮೈಭಾರವನ್ನು ತಡೆದುಕೊಂಡೇ ಉದ್ದವಾಗಬೇಕು. ಬಿಗಿಯೂ ಬಿಡುವಂತಿಲ್ಲ, ಹಿಗ್ಗದೆಯೂ ವಿಧಿಯಿಲ್ಲ. ಈ ಎಳೆದಾಟದಲ್ಲಿ ಸ್ನಾಯುವಿನ ನಾರುಗಳೊಳಗೆ ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳಾಗುತ್ತವೆ. ಉರಿಯೂತ ನಿಧಾನವಾಗಿ ಏಳುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ.

ಅಬಟ್, ಬಿಗ್ಲಂಡ್, ರಿಚಿ ಎಂಬ ಮೂವರು ವಿಜ್ಞಾನಿಗಳು 1952ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಲು ಇಷ್ಟ. ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಚೈನಿನಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು. ಇನ್ನೊಬ್ಬರು ತಮ್ಮ ಕಡೆ ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಹಾಕುವ ಬಲ ಇಬ್ಬರದೂ ಒಂದೇ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗಿಂತ ಎಷ್ಟೋ ಕಡಿಮೆ. ಇಳಿಯುವ ಕಾಲಿನ ಮೋಸವೂ ಇದೇ: ದಣಿವು ಗೊತ್ತಾಗುವುದಿಲ್ಲ, ಹಾಗಾಗಿ ಅಳತೆ ಮೀರುತ್ತೇವೆ.

ಜಿಮ್‌ಗಳಲ್ಲಿ ಇಂದಿಗೂ ಎಲ್ಲ ದೂರೂ ಲ್ಯಾಕ್ಟಿಕ್ ಆಸಿಡ್ ಮೇಲೆ. ವಿಶ್ರಾಂತಿಯ ಒಂದೆರಡು ಗಂಟೆಯೊಳಗೆ ಅದರ ಮಟ್ಟ ಮಾಮೂಲಿಗೆ ಇಳಿದಿರುತ್ತದೆ. ಬಹುಪಾಲನ್ನು ಹೃದಯವೂ ಇತರ ಸ್ನಾಯುಗಳೂ ಇಂಧನವಾಗಿ ಉರಿಸಿಬಿಡುತ್ತವೆ. ಮಂಗಳವಾರದವರೆಗೆ ಅದು ಅಲ್ಲಿ ಕಾದು ಕೂತಿರುವುದಿಲ್ಲ.

ದೇಹದ ದೊಡ್ಡತನ ಕಾಣುವುದು ಎರಡನೇ ಸಲ. ಅದೇ ಮೆಟ್ಟಿಲನ್ನು ಒಂದೆರಡು ವಾರ ಬಿಟ್ಟು ಇಳಿದರೆ ನೋವು ಅರ್ಧಕ್ಕರ್ಧ ಇರುವುದಿಲ್ಲ. ಒಂದೇ ಒಂದು ಇಳಿತದಿಂದ ನಾರುಗಳು, ಅವುಗಳ ಸುತ್ತಲಿನ ಪೊರೆ, ನರಗಳ ಅಪ್ಪಣೆ ಎಲ್ಲವೂ ಹೊಂದಿಕೊಂಡು ವಾರಗಟ್ಟಲೆ ಕಾಯುತ್ತವೆ.

ಆದ್ದರಿಂದ ಮಂಡಿ ಗಟ್ಟಿ ಇರುವವರು ಮೇಲಿಂದ ಬಸ್ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ಸಲ ನಂದಿಯವರೆಗೆ ಹತ್ತಿ ಅಲ್ಲಿಂದಲೇ ನಿಧಾನಕ್ಕೆ ಇಳಿಯಿರಿ. ಪೂರ್ತಿ ಬೆಟ್ಟ ಆಮೇಲೆ. ನೋವಿದ್ದಾಗ ಮಲಗಬೇಡಿ, ಸಮತಟ್ಟಿನಲ್ಲಿ ನಡೆಯಿರಿ. ಆದರೆ ತೊಡೆ ತುಂಬಾ ಊದಿಕೊಂಡರೆ ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು.